ಕೆಂಪು ನೆರಳು ಬರೆದ ಜಿನ್ನಪ್ಪ ಮಾಸ್ತರರು

ಚಿತ್ರಕಲೆಯ ಪಿರಿಯಡ್ ಎಂದರೆ ಗಣಿತದ ಶಿಕ್ಷಕರು ತಮ್ಮ ಉಳಿದ ಲೆಕ್ಕಗಳನ್ನು ಮುಗಿಸಿಕೊಳ್ಳುವ ಹೊತ್ತು ಎಂದು ನಮ್ಮ ಶಾಲೆಗಳೆಲ್ಲ ತಿಳಿದಿದ್ದ ಕಾಲದಲ್ಲಿ, ಅದನ್ನು ಬೇರೆ ಯಾವ ವಿಷಯಕ್ಕೂ ಬಿಟ್ಟುಕೊಡದೆ, ಮೂವತ್ತೆರಡು ವರ್ಷ ರಾಯಬಾಗ, ಅಥಣಿ, ಕಾಗವಾಡ, ಚಿಕ್ಕೋಡಿಯ ಸೀಮೆಯಲ್ಲಿ ಸಾವಿರಾರು ಮಕ್ಕಳ ಕೈಗೆ ಪೆನ್ಸಿಲು ಹಿಡಿಸಿದವರು ಸನ್ಮಾನ್ಯ ಶ್ರೀ ಜಿನ್ನಪ್ಪ ಖೋತ ಗುರುಗಳು. ಈ ಮೇ ತಿಂಗಳಲ್ಲಿ, ೧೯೯೮ರ ಶಾಲಾ ವರ್ಷ ಮುಗಿಯುವುದರೊಂದಿಗೆ, ಅವರು ಸೇವೆಯಿಂದ ನಿವೃತ್ತರಾಗಿದ್ದಾರೆ. ಅವರ ಶಿಷ್ಯರಲ್ಲಿ ಎಷ್ಟೋ ಜನ ಚಿತ್ರಕಲಾ ಪರೀಕ್ಷೆಗಳಲ್ಲಿ ಮೊದಲ ದರ್ಜೆಯಲ್ಲಿ ಪಾಸಾಗಿದ್ದಾರೆ, ಕೆಲವರು ಸ್ವತಃ ಶಿಕ್ಷಕರಾಗಿದ್ದಾರೆ. ಅದನ್ನೆಲ್ಲ ಈ ಸಂಪುಟದಲ್ಲಿ ನನಗಿಂತ ಬಲ್ಲವರು ಬರೆದಿದ್ದಾರೆ.

ಅಭಿನಂದನ ಸಮಿತಿಯ ಹಿರಿಯರು ನನ್ನ ಬಳಿ ಬಂದಾಗ ಚಹಾ ಕುಡಿಯುವವರೆಗೂ ವಿಷಯಕ್ಕೆ ಬರಲಿಲ್ಲ. ಕೊನೆಗೆ ಒಬ್ಬರು, "ನೀನೂ ನಾಲ್ಕ ಸಾಲ ಬರದ ಕೊಡವ್ವಾ ಚಂದ್ರಮತಿ. ಆದ್ರ ಆ ಕಾಮಿಕ್ಸಿನ ಸುದ್ದಿ ಬ್ಯಾಡ" ಎಂದರು. ಆ ಸುದ್ದಿಯನ್ನು ಬಿಟ್ಟರೆ ನನಗೂ ಗುರುಗಳಿಗೂ ಇರುವ ಸಂಬಂಧದಲ್ಲಿ ಏನೂ ಉಳಿಯುವುದಿಲ್ಲ ಎಂದು ಅವರಿಗೆ ಹೇಳಿದೆ. ಅವರು ಕಪ್ಪು ಕೆಳಗಿಟ್ಟು ಹೋದರು. ಅದನ್ನು ನಾನು ಒಪ್ಪಿಗೆ ಎಂದು ಭಾವಿಸಿದ್ದೇನೆ. ಗುರುಗಳು ಬರೆದ ಕಾಮಿಕ್ಸಿನಿಂದಲೇ ನನ್ನ ತಂದೆ ಸತ್ತರು ಎಂಬುದು ನಮ್ಮ ಸೀಮೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಇನ್ನೊಂದು ಇಪ್ಪತ್ತು ವರ್ಷಕ್ಕೆ ಗೊತ್ತಿರುವವರೂ ಇರುವುದಿಲ್ಲ. ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ.

ಗುರುಗಳು ಕೊಲ್ಹಾಪುರದಲ್ಲಿ ಚಿತ್ರಕಲೆ ಕಲಿತು, ರಾಯಬಾಗದಲ್ಲಿ ಎಂಟು ವರ್ಷ, ಅಥಣಿಯಲ್ಲಿ ಏಳು ವರ್ಷ ದುಡಿದು, ೧೯೮೧ರಲ್ಲಿ ಕಾಗವಾಡದ ಹತ್ತಿರದ ನಮ್ಮ ಹೈಸ್ಕೂಲಿಗೆ ಬಂದರು. ಬರುವಾಗ ಅವರ ಸಾಮಾನಿನಲ್ಲಿ ಪಾತ್ರೆಗಳಿಗಿಂತ ಹಳೆಯ ಕಾಮಿಕ್ಸ್ ಪುಸ್ತಕಗಳ ಗಂಟುಗಳೇ ಹೆಚ್ಚಿದ್ದವಂತೆ. ಮಿರಜದ ರದ್ದಿ ಅಂಗಡಿಗಳಲ್ಲಿ ವರ್ಷಗಟ್ಟಲೆ ಹುಡುಕಿ ಕೂಡಿಹಾಕಿದ ವಿದೇಶೀ ಪುಸ್ತಕಗಳು ಅವು. ಕೆಲವಕ್ಕೆ ರಕ್ಷಾಪುಟವಿಲ್ಲ, ಕೆಲವಕ್ಕೆ ಕೊನೆಯಿಲ್ಲ. ತರಗತಿಯಲ್ಲಿ ಚೌಕ ಹಾಕುವುದನ್ನು ಕಲಿಸುತ್ತ ಅವರು ಆ ಪುಸ್ತಕಗಳ ಕಥೆ ಹೇಳುತ್ತಿದ್ದರು.

ಈಗಿನ ಸಾಹಸವೀರರಿಗೆ ಯಂತ್ರದಿಂದಲೋ ಕಿರಣದಿಂದಲೋ ಬಲ ಬರುತ್ತದೆ, ಆದರೆ ಮೊದಮೊದಲ ಕಾಲದ ಕಾಮಿಕ್ಸುಗಳಲ್ಲಿ ಕಳ್ಳರನ್ನು ಹಿಡಿಯುತ್ತಿದ್ದವರು ಹೆಚ್ಚಾಗಿ ದೆವ್ವಗಳು ಮತ್ತು ಮಾಂತ್ರಿಕರು ಎಂದು ಅವರು ಹೇಳುತ್ತಿದ್ದರು. ಕೊಲೆಯಾದ ಪೊಲೀಸನೊಬ್ಬ ಪ್ರೇತವಾಗಿ ಎದ್ದು ಬಂದು ಕೊಂದವರನ್ನು ಹುಡುಕುತ್ತಾನೆ. ಪೇಟ ಸುತ್ತಿದವನೊಬ್ಬ ಮಂತ್ರ ಹಾಕಿದರೆ ದರೋಡೆಕೋರರ ಕೈಯ ಬಂದೂಕು ಹಾವಾಗುತ್ತದೆ. ಯಾವುದೋ ಹಾಳುಗುಡಿಯಲ್ಲಿ ಸಿಕ್ಕ ಉಂಗುರವೋ ದೀಪವೋ ಸಾಮಾನ್ಯನಿಗೆ ಅಸಾಮಾನ್ಯ ಶಕ್ತಿ ಕೊಡುತ್ತದೆ. "ಯಾಕ ಹಿಂಗ ಬರದ್ರು ಹೇಳ್ರಿ ನೋಡೂಣು" ಎಂದು ಅವರು ನಮ್ಮನ್ನು ಕೇಳುತ್ತಿದ್ದರು. ಆಮೇಲೆ ತಾವೇ ಹೇಳುತ್ತಿದ್ದರು: "ಅವರ ಊರಾಗೂ ಪೊಲೀಸರು ಹೊತ್ತಿಗೆ ಸರಿಯಾಗಿ ಬರ್ತಿರಲಿಲ್ಲ. ಬದುಕಿದ್ದವರು ಮಾಡಲಾರದ್ದನ್ನ ಸತ್ತವರು ಮಾಡಬೇಕಾತು."

ಈ ವಿಚಾರದಿಂದಲೇ ೧೯೮೩ರಲ್ಲಿ 'ಸತ್ತ ವಾಲೀಕಾರ' ಹುಟ್ಟಿದ. ಊರಿನ ಕಾವಲಿಗೆ ನಿಂತ ಜಕ್ಕಪ್ಪನೆಂಬ ವಾಲೀಕಾರನನ್ನು ದುಷ್ಟರು ಕೊಂದು ಕೃಷ್ಣಾ ನದಿಗೆ ಎಸೆಯುತ್ತಾರೆ. ಹೊಳೆದಂಡೆಯ ದೇವಿ ಅವನನ್ನು ನೀರಿನಿಂದ ಎಬ್ಬಿಸಿ, ನಿನ್ನ ಪಾಳಿ ಇನ್ನೂ ಮುಗಿದಿಲ್ಲ ಎಂದು ತಿರುಗಿ ಕಳಿಸುತ್ತಾಳೆ. ಅವನಿಗೆ ನೆರಳಿಲ್ಲ. ಆದರೆ ಅನುಮಾನವಿದ್ದವರನ್ನು ಬಿಸಿಲಿಗೆ ನಿಲ್ಲಿಸಿ ಅವನು ಕೋಲು ಕುಟ್ಟಿದರೆ ತಪ್ಪು ಮಾಡಿದವನ ನೆರಳು ಕೆಂಪಾಗುತ್ತದೆ. ಸಾಕ್ಷಿ ಬೇಡ, ಕಚೇರಿ ಬೇಡ, ವಕೀಲರು ಬೇಡ. ಪ್ರತಿ ಸಂಚಿಕೆಯೂ ಕೆಂಪು ನೆರಳಿನಲ್ಲೇ ಮುಗಿಯುತ್ತಿತ್ತು.

ಇದನ್ನು ಅಚ್ಚು ಹಾಕಿದವರು ನಿಪ್ಪಾಣಿಯಲ್ಲಿ ಬೀಡಿ ಕಟ್ಟಿನ ಲೇಬಲ್ಲು ಮುದ್ರಿಸುತ್ತಿದ್ದ ಕಾಕಾಸಾಹೇಬರು. ಲೇಬಲ್ಲಿಗೆ ಬಳಸಿ ಉಳಿದ ಶಾಯಿಯಲ್ಲೇ ಪುಸ್ತಕ ಮುಗಿಯಬೇಕು ಎಂಬುದು ಅವರ ಕರಾರು. "ಮಾಸ್ತರ, ಹಿರವೀ ಶಾಯಿ ಭಾಳ ಉಳದೈತಿ ಬಗಾ. ನಿಮ್ಮ ಭೂತಾನ್ನ ಹಸರ ಮಾಡಿಬಿಡ್ರಿ" ಎಂದರಂತೆ. ಹೀಗೆ ನಮ್ಮ ವಾಲೀಕಾರ ಹಸಿರಾದ, ಅಪರಾಧಿಯ ನೆರಳು ಕೆಂಪಾಯಿತು, ಮಿಕ್ಕ ಲೋಕವೆಲ್ಲ ಕಪ್ಪು. ವರ್ಷಕ್ಕೆ ಮೂರು ಸಂಚಿಕೆ. ಕ್ಷೌರದಂಗಡಿಯಲ್ಲಿ, ಗಿರಣಿಯಲ್ಲಿ, ಚಾವಡಿಯಲ್ಲಿ ಓದು ಬಂದವರು ಓದಿ ಹೇಳುತ್ತಿದ್ದರು, ಓದು ಬಾರದವರು ಚಿತ್ರ ನೋಡುತ್ತಿದ್ದರು. ನಮ್ಮೂರಿನಲ್ಲಿ ಆ ಪುಸ್ತಕವನ್ನು ಕಥೆ ಎಂದು ಓದಿದವರು ಎಷ್ಟು ಜನ, ದೇವರ ಹೇಳಿಕೆ ಎಂದು ಕೇಳಿದವರು ಎಷ್ಟು ಜನ ಎಂದು ಆಗ ಯಾರೂ ವಿಚಾರ ಮಾಡಲಿಲ್ಲ. ಗುರುಗಳೂ ಮಾಡಲಿಲ್ಲ.

ಇಲ್ಲಿ ಗುರುಗಳ ಕೆಲಸದ ಒಂದು ರೀತಿಯನ್ನು ಹೇಳಲೇಬೇಕು. ಎದುರಿಗೆ ಮನುಷ್ಯ ಕುಳಿತಿರದೆ ಅವರು ಒಂದು ಮುಖವನ್ನೂ ಬರೆಯುತ್ತಿರಲಿಲ್ಲ. ಊಹೆಯಿಂದ ಬರೆದ ಮುಖ ಗಡಿಗೆಗೆ ಕಣ್ಣು ಬರೆದಂತೆ ಎನ್ನುತ್ತಿದ್ದರು. ಆದ್ದರಿಂದ ಪುಸ್ತಕದ ಗೌಡ, ಸಾಹುಕಾರ, ದರೋಡೆಕೋರರೆಲ್ಲ ಸುತ್ತಲ ಹಳ್ಳಿಗಳಲ್ಲಿ ಜೀವಂತವಾಗಿ ಓಡಾಡಿಕೊಂಡಿದ್ದವರೇ. ವಾಲೀಕಾರನ ಮುಖ ಮಾತ್ರ ಯಾವ ಸಂಚಿಕೆಯಲ್ಲೂ ಇರಲಿಲ್ಲ. ತಲೆಗೆ ಸುತ್ತಿದ ಪಟಗದ ಕೆಳಗೆ ಬರೀ ಕಪ್ಪು. ಸತ್ತವನು ಬಂದು ಎದುರಿಗೆ ಕುಳಿತುಕೊಳ್ಳುವುದಿಲ್ಲವಲ್ಲ ಎಂದು ಅವರು ನಗುತ್ತಿದ್ದರು.

೧೯೮೫ರ ಡಿಸೆಂಬರಿನ ಒಂದು ರವಿವಾರ ಅವರು ಒಂಬತ್ತನೇ ಸಂಚಿಕೆಯ ಖಳನನ್ನು ಹುಡುಕುತ್ತ ನಮ್ಮ ಗಾಣದ ಮನೆಗೆ ಬಂದರು. ನನ್ನ ತಂದೆ ಸಿದರಾಯ ಅಲ್ಲಿ ಬೆಲ್ಲ ಕಾಯಿಸುತ್ತಿದ್ದರು. ಅವರ ಎಡಗೆನ್ನೆಯ ಮೇಲೆ ಕುದಿಪಾಕ ಸಿಡಿದು ಆದ ಸುಟ್ಟ ಗಾಯದ ಗುರುತಿತ್ತು. ಅದರಲ್ಲಿ ವೀರಕಥೆಯೇನೂ ಇರಲಿಲ್ಲ, ಕಡಾಯಿ ಇಳಿಸುವಾಗ ಕೈ ಜಾರಿತ್ತು, ಅಷ್ಟೆ. ಗುರುಗಳು ಆ ಗುರುತನ್ನು ನೋಡಿದವರೇ ಕಾಗದ ಬಿಚ್ಚಿದರು. ಎಂಟನೇ ಇಯತ್ತೆಯಲ್ಲಿದ್ದ ನಾನು ಅಪ್ಪನಿಗೆ ಊಟ ಒಯ್ದಿದ್ದೆ, ಎಲ್ಲವನ್ನೂ ನೋಡುತ್ತ ನಿಂತೆ.

"ನಾ ಏನಾಗ್ತೀನ್ರಿ ಮಾಸ್ತರ ಪುಸ್ತಕದಾಗ?" ಎಂದು ಅಪ್ಪ ಕೇಳಿದರು.

"ಖೂನಿ ಮಾಡಾಂವ. ಬ್ಯಾಡಂದ್ರ ಬಿಡ್ತೀನಿ."

"ಆಗಲೇಳ್ರಿ. ಪುಸ್ತಕದಾಗರ ಬಂದಂಗಾತು."

ಮುಂದಿನ ಫೆಬ್ರುವರಿಯಲ್ಲಿ ಸಂಚಿಕೆ ಬಂತು. ಅದರಲ್ಲಿ ಸುಟ್ಟ ಮುಖದವನೊಬ್ಬ ದನದ ವ್ಯಾಪಾರಿಯನ್ನು ಕೊಂದು ಕಬ್ಬಿನ ಗದ್ದೆಯಲ್ಲಿ ಬಚ್ಚಿಡುತ್ತಾನೆ. ಅಪ್ಪ ಆ ಪುಸ್ತಕವನ್ನು ಅಂಗಿಯೊಳಗೆ ಇಟ್ಟುಕೊಂಡು ತಿರುಗಿದರು. ಕಂಡಕಂಡವರಿಗೆ ತೋರಿಸಿ, "ಇದ ನೋಡ್ರಿ, ನಾನ" ಎನ್ನುತ್ತಿದ್ದರು. ಹೀಗೆ ತಮ್ಮನ್ನು ತಾವೇ ಊರಿಗೆಲ್ಲ ಗುರುತು ಹೇಳಿಕೊಟ್ಟರು.

ಏಪ್ರಿಲ್ಲಿನಲ್ಲಿ ಮುರಗೆಪ್ಪನೆಂಬ ದನದ ವ್ಯಾಪಾರಿಯ ಹೆಣ ನಮ್ಮೂರ ಕಬ್ಬಿನಲ್ಲಿ ಸಿಕ್ಕಿತು.

ಪೊಲೀಸರು ಬಂದು ಹೆಣ ಒಯ್ದರು, ಅನುಮಾನ ಯಾರ ಮೇಲೆಂದು ಕೇಳಿ ಹೋದರು. ಅವರು ಹೋದ ಮೇಲೆ ಯಾರೋ ಒಂಬತ್ತನೇ ಸಂಚಿಕೆಯನ್ನು ತೆಗೆದರು. ವಾಲೀಕಾರ ಎರಡು ತಿಂಗಳ ಮೊದಲೇ ಹೇಳಿದ್ದಾನೆ ಎಂಬ ಮಾತು ಗಿರಣಿಯಿಂದ ಚಾವಡಿಗೆ ಬರುವಷ್ಟರಲ್ಲಿ ಮಾತಾಗಿ ಉಳಿಯಲಿಲ್ಲ. ರವಿವಾರ ಮಧ್ಯಾಹ್ನ ನನ್ನ ತಂದೆಯನ್ನು ಚಾವಡಿಯ ಮುಂದಿನ ಅಂಗಳದಲ್ಲಿ ನಿಲ್ಲಿಸಿದರು. ಯಾರೂ ಹೊಡೆಯಲಿಲ್ಲ, ಬೈಯಲೂ ಇಲ್ಲ. ಅವರು ಕಾಯುತ್ತಿದ್ದದ್ದು ನೆರಳಿಗೆ. ನನ್ನ ಅವ್ವ ತಾರವ್ವ ನೀರು ಒಯ್ದರೆ, ನೀರು ಕುಡಿದರೆ ಪರೀಕ್ಷೆ ಕೆಡುತ್ತದೆ ಎಂದು ತಿರುಗಿ ಕಳಿಸಿದರು. ನಿಂತವರೆಲ್ಲ ನಮ್ಮವರೇ, ಅಪ್ಪ ಕಾಯಿಸಿದ ಬೆಲ್ಲ ತಿಂದವರೇ.

ಸುದ್ದಿ ಕೇಳಿ ಗುರುಗಳು ಮೂರು ಗಂಟೆಯ ಸುಮಾರಿಗೆ ಸೈಕಲ್ಲಿನ ಮೇಲೆ ಬಂದರು. ಕೈಯಲ್ಲಿ ಪೆನ್ಸಿಲಿನಲ್ಲಿ ಬರೆದ ಮೂಲ ಚಿತ್ರದ ಸುರುಳಿ ಇತ್ತು. ಅದನ್ನು ಬಿಚ್ಚಿ ಎಲ್ಲರ ಮುಂದೆ ಹಿಡಿದು, "ವಾಲೀಕಾರ ಅನ್ನಾಂವ ಇಲ್ಲೇ ಇಲ್ರಿ. ನಾ ಹುಟ್ಟಿಸಿದ್ದು. ಸಿದರಾಯನ ಈ ಮಾರಿ ನಾ ಗಾಣದ ಮುಂದ ಕುಂತು ನೋಡಿ ಬರದದ್ದು. ಅವನ್ನ ಬಿಡ್ರಿ" ಎಂದು ಕೈಮುಗಿದರು.

ಕಾಳವ್ವನೆಂಬ ಮುದುಕಿ ಅವರಿಗೆ ಉತ್ತರ ಕೊಟ್ಟಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಗೌರವವೇ ಇತ್ತು. "ನೀವ ಬರದೀರಿ, ಖರೆ ಐತ್ರಿ ಮಾಸ್ತರ. ಬರಿಸಿದಾಂವ ಅಂವಾ."

ಮೂರು ವರ್ಷ ಆ ಜನಕ್ಕೆ ಅದನ್ನೇ ಕಲಿಸಿದವರು ಗುರುಗಳೇ ಅಲ್ಲವೆ. ಪ್ರೇತಕ್ಕೆ ಸಾಕ್ಷಿ ಬೇಕಿಲ್ಲ, ಬದುಕಿದ್ದವರ ಮಾತು ಬೇಕಿಲ್ಲ, ಸ್ವತಃ ಬರೆದವನ ಮಾತೂ ಬೇಕಿಲ್ಲ. ಅವರು ಅಪ್ಪನ ಕಡೆ ಒಮ್ಮೆ ನೋಡಿ, "ಪೊಲೀಸರನ್ನ ಕರಕೊಂಡ ಬರ್ತೀನಿ ಸಿದರಾಯ" ಎಂದು ಸೈಕಲ್ಲು ಹತ್ತಿದರು. ಅಪ್ಪ ತಲೆಯಾಡಿಸಿದರು. ಪೊಲೀಸರು ಹೊತ್ತಿಗೆ ಸರಿಯಾಗಿ ಬರುವುದಿಲ್ಲ ಎಂದು ನಮಗೆಲ್ಲ ಕಲಿಸಿದವರು ಆ ದಿನ ಪೊಲೀಸರನ್ನು ಕರೆತರಲು ಹೋದರು.

ಚಾವಡಿಯ ಅಂಗಳಕ್ಕೆ ಆ ವರ್ಷವೇ ಕೆಂಪು ಗರಸು ಮಣ್ಣು ಹಾಕಿಸಿದ್ದರು. ಸೂರ್ಯ ಇಳಿಯುತ್ತ ಬಂದ ಹಾಗೆ ನೆರಳು ಉದ್ದವಾಯಿತು, ಬಿಸಿಲು ಕೆಂಪಾಯಿತು. ಯಾರೋ "ಕೆಂಪ ಆತು" ಎಂದರು. ಯಾರೆಂದು ಇಂದಿಗೂ ಗೊತ್ತಿಲ್ಲ. ನಾನು ಕೆಳಗೆ ನೋಡಿದೆ. ನಿಜವಾಗಿಯೂ ಕೆಂಪಾಗಿತ್ತು. ಆ ಗರಸಿನ ಮೇಲೆ ಬಿದ್ದ ಎಲ್ಲರ ನೆರಳೂ ಕೆಂಪಾಗಿತ್ತು, ಕಾಳವ್ವನದೂ, ಗೌಡರದೂ, ನನ್ನದೂ. ಆದರೆ ಅವರು ನೋಡುತ್ತಿದ್ದದ್ದು ಒಂದೇ ನೆರಳನ್ನು.

ದೀಪ ಹಚ್ಚಿದ ಮೇಲೆ ಜೀಪು ಬಂತು, ಅಷ್ಟರಲ್ಲಿ ಅವರು ಅಪ್ಪನನ್ನು ಹೊಡೆದು ಕೆಡವಿದ್ದರು. ಹನ್ನೊಂದನೆಯ ದಿನ ಅಪ್ಪ ಮಿರಜದ ದವಾಖಾನೆಯಲ್ಲಿ ತೀರಿಕೊಂಡರು. ಮುರಗೆಪ್ಪನನ್ನು ಕೊಂದವನು ಅವನ ಜೊತೆಗೇ ವ್ಯಾಪಾರ ಮಾಡುತ್ತಿದ್ದ ಪಾಲುದಾರ. ಶ್ರಾವಣದಲ್ಲಿ ಸಿಕ್ಕಿಬಿದ್ದು ಎಲ್ಲ ಒಪ್ಪಿಕೊಂಡ. ಅವನ ಮುಖದ ಮೇಲೆ ಒಂದು ಗೀರೂ ಇರಲಿಲ್ಲ. ಆ ಸುದ್ದಿ ಬಂದ ದಿನ ನಮ್ಮೂರಿನಲ್ಲಿ ಯಾರೂ ನಮ್ಮ ಮನೆಯ ಮುಂದೆ ಹಾಯಲಿಲ್ಲ, ಸುತ್ತು ಹಾಕಿ ಹಿಂದಿನ ಓಣಿಯಿಂದ ಹೋದರು.

ಇನ್ನು ಗುರುಗಳ ಸೇವೆಯ ಮಾತಿಗೆ ಬರುತ್ತೇನೆ, ಈ ಸಂಪುಟ ಅದಕ್ಕಾಗಿಯೇ ಇರುವುದರಿಂದ.

ಅವರು ಪೊಲೀಸ್ ಠಾಣೆಗೆ ಹೋಗಿ, ತಮ್ಮ ಮೇಲೂ ಕೇಸು ಹಾಕಬೇಕೆಂದು ಕೇಳಿಕೊಂಡರು. "ಚಿತ್ರ ಬರದದ್ದಕ್ಕ ಕಾಯ್ದೆದಾಗ ಯಾವ ಕಲಮೂ ಇಲ್ರಿ ಮಾಸ್ತರ" ಎಂದು ಅಧಿಕಾರಿ ನಕ್ಕರಂತೆ. ಆಗ ಅವರು ಮೂರು ಗಂಟೆಯ ಹೊತ್ತಿಗೆ ಅಂಗಳದಲ್ಲಿ ತಾವು ಕಂಡವರ ಹೆಸರುಗಳನ್ನು ಬರೆದು ಸಹಿ ಹಾಕಿ ಕೊಟ್ಟರು. ಇಡೀ ಸೀಮೆಯಲ್ಲಿ ಹೆಸರು ಹೇಳಿದವರು ಅವರೊಬ್ಬರೇ. ಬೇರೆ ಸಾಕ್ಷಿ ಸಿಗದೆ ಕೇಸು ಬಿದ್ದುಹೋಯಿತು. ಆದರೆ ಆ ಹೆಸರುಗಳವರು ಮರೆಯಲಿಲ್ಲ. ಗುರುಗಳಿಗೆ ಬಾಡಿಗೆ ಮನೆ ಸಿಗಲಿಲ್ಲ, ಹಾಲು ಹಾಕುವವರು ನಿಲ್ಲಿಸಿದರು. ಆದರೂ ನಾಲ್ಕು ವರ್ಷ ಅವರು ಅಲ್ಲೇ ಉಳಿದರು, ಚಿತ್ರಕಲೆಯ ಕೋಣೆಯಲ್ಲೇ ಮಲಗಿ. ಉಳಿದದ್ದು ಯಾತಕ್ಕೆಂದು ನನಗೆ ಗೊತ್ತು.

ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನನ್ನು ಶಾಲೆ ಬಿಡಿಸಿದ್ದಳು. ಗುರುಗಳು ಪ್ರತಿ ಸೋಮವಾರ ನಮ್ಮ ಬೇಲಿಯ ಹೊರಗೆ ಬಂದು ನಿಂತು, "ಹುಡುಗಿ ಸಾಲಿಗೆ ಬರ್ತಾಳೇನ್ರಿ ತಾರವ್ವ?" ಎಂದು ಕೇಳುತ್ತಿದ್ದರು. ಅವ್ವ ಎಮ್ಮೆಯ ಕಡೆ ತಿರುಗಿ, "ಕೇಳಿದೇನ? ಗಂಡನ್ನ ಒಯ್ದವರು ಈಗ ಮಗಳನ್ನ ಕೇಳಾಕತ್ತಾರ" ಎನ್ನುತ್ತಿದ್ದಳು. ಅವರು ಅಷ್ಟು ಕೇಳಿಸಿಕೊಂಡು ತಿರುಗಿ ಹೋಗುತ್ತಿದ್ದರು. ದೀಪಾವಳಿಯ ನಂತರದ ಒಂದು ಸೋಮವಾರ ಅವ್ವ ಎಮ್ಮೆಯ ಜೊತೆ ಮಾತಾಡಲಿಲ್ಲ. ನನ್ನ ಪಾಟಿಚೀಲವನ್ನು ಬೇಲಿಯ ಮೇಲೆ ಇಟ್ಟು ಒಳಗೆ ಹೋದಳು. ಶಾಲೆಯಲ್ಲಿ ನನ್ನ ಪಕ್ಕ ಯಾರೂ ಕೂರದಿದ್ದಾಗ ಗುರುಗಳು ತಮ್ಮ ಕುರ್ಚಿಯನ್ನು ತಂದು ನನ್ನ ಬೆಂಚಿನ ಪಕ್ಕ ಹಾಕಿಕೊಂಡು ಇಡೀ ವರ್ಷ ಅಲ್ಲಿಂದಲೇ ಪಾಠ ಮಾಡಿದರು.

ಆದರೆ ಅಂದಿನಿಂದ ಅವರು, ಒಂದನ್ನು ಬಿಟ್ಟರೆ, ಮುಖ ಬರೆಯಲಿಲ್ಲ. ನಮಗೂ ಕಲಿಸಲಿಲ್ಲ. ಹೂವು, ಗಡಿಗೆ, ಬಾಳೆಗೊನೆ, ಬೀಗದ ಕೈ. ಈ ಸಂಪುಟದ ಬೇರೆ ಲೇಖಕರು ಅವರ ವಸ್ತುಚಿತ್ರಗಳನ್ನು ಬಾಯ್ತುಂಬ ಹೊಗಳಿದ್ದಾರೆ. ಅವು ಹೇಗೆ ಬಂದವು ಎಂದು ಅವರಿಗೆ ಗೊತ್ತಿರಲಿಕ್ಕಿಲ್ಲ.

ಅಪ್ಪ ಸತ್ತ ವರ್ಷದ ಕೊನೆಗೆ ಅವರು ಇನ್ನೊಂದೇ ಒಂದು ಸಂಚಿಕೆ ತಂದರು. ಹತ್ತನೆಯದು, ಕೊನೆಯದು. ಅದರಲ್ಲಿ ಮಾತೇ ಇಲ್ಲ. ವಾಲೀಕಾರ ತಾನು ಶಿಕ್ಷಿಸಿದವನು ನಿರಪರಾಧಿ ಎಂದು ತಿಳಿದು ನದಿಯ ದಂಡೆಗೆ ಬಂದು ನಿಲ್ಲುತ್ತಾನೆ. ನೆರಳೇ ಇಲ್ಲದವನಿಗೆ ಮೊದಲ ಸಲ ನೆರಳು ಮೂಡುತ್ತದೆ, ಕೆಂಪು ನೆರಳು. ಅವನು ಪಟಗ ತೆಗೆಯುತ್ತಾನೆ. ಒಳಗಿರುವ ಮುಖ ಕನ್ನಡಿ ನೋಡಿಕೊಂಡು ಬರೆದದ್ದು, ಜಿನ್ನಪ್ಪ ಖೋತ ಗುರುಗಳದು. ಓದುಗರಿಗೆ ಹಿಡಿಸಲಿಲ್ಲವೆಂದು ಕಾಕಾಸಾಹೇಬರು ಉಳಿದ ಪ್ರತಿಗಳನ್ನು ರದ್ದಿಗೆ ಹಾಕಿದರು.

೧೯೯೦ರಲ್ಲಿ ಗುರುಗಳಿಗೆ ಚಿಕ್ಕೋಡಿಗೆ ವರ್ಗವಾಯಿತು. ಶಿಕ್ಷಕರ ತರಬೇತಿಗೆ ನನ್ನ ಅರ್ಜಿ ತುಂಬಿಸಿದವರೂ, ಸೇರಿಸಲು ಬಂದವರೂ ಅವರೇ. ಕೆಲಸ ಮುಗಿದು ಚಿಕ್ಕೋಡಿಯ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದಾಗ, ನಾಲ್ಕು ವರ್ಷದಿಂದ ಬಾಯಲ್ಲಿ ಹಿಡಿದಿಟ್ಟುಕೊಂಡಿದ್ದನ್ನು ಕೇಳಿದೆ. "ಸರ್, ಅವತ್ತ ನೀವ್ಯಾಕ ಅಪ್ಪನ ಬಾಜೂಕ ನಿಲ್ಲಲಿಲ್ಲ?"

"ಅಂಜಿದ್ನೆವ್ವಾ" ಎಂದರು. "ಪೊಲೀಸರನ್ನ ಕರ್ಯಾಕ ಹೋದೆ ಅನ್ನೂದು ನೆವಾ. ನಾ ಅಂಜಿದ್ದೆ."

ಆ ಉತ್ತರಕ್ಕಾಗಿ ನಾನು ಅವರನ್ನು ಕ್ಷಮಿಸಿದೆ ಎಂದು ಬರೆದರೆ ಸಮಿತಿಯವರಿಗೆ ಸಂತೋಷವಾದೀತು. ಕ್ಷಮಿಸಿಲ್ಲ. ಅವರು ನಿಂತಿದ್ದರೆ ಅಪ್ಪ ಉಳಿಯುತ್ತಿದ್ದರೋ ಇಲ್ಲವೋ, ಒಬ್ಬರೇ ಅಂತೂ ಇರುತ್ತಿರಲಿಲ್ಲ. ಆದರೆ ಇಷ್ಟು ವರ್ಷಗಳಲ್ಲಿ ನನಗೆ ನಿಜ ಹೇಳಿದ ಒಬ್ಬನೇ ಮನುಷ್ಯ ಅವರು. ನಾನು ಇವತ್ತು ರಾಯಬಾಗದಲ್ಲಿ ಮಕ್ಕಳ ಮುಂದೆ ನಿಂತು ಪಾಠ ಮಾಡುತ್ತಿದ್ದರೆ ಅದು ಬೇಲಿಯ ಹೊರಗಿನ ಆ ಸೋಮವಾರಗಳಿಂದ. ಎರಡೂ ಸತ್ಯ, ಎರಡನ್ನೂ ಹೊತ್ತುಕೊಂಡೇ ಈ ಅಭಿನಂದನೆ ಬರೆಯುತ್ತಿದ್ದೇನೆ.

ಒಂದು ಮಾತು ಉಳಿದಿದೆ. ನನ್ನ ತಂದೆಯದು ಒಂದೂ ಫೋಟೋ ಇಲ್ಲ. ಗುರುಗಳು ಚಾವಡಿಗೆ ತಂದ ಪೆನ್ಸಿಲಿನ ಚಿತ್ರವೂ ಆ ದಿನ ಕಾಲಡಿಗೆ ಸಿಕ್ಕಿ ಹರಿದುಹೋಯಿತು. ಅಪ್ಪನ ಮುಖ ಈ ಲೋಕದಲ್ಲಿ ಉಳಿದಿರುವುದು ಒಂಬತ್ತನೇ ಸಂಚಿಕೆಯಲ್ಲಿ ಮಾತ್ರ, ಬೀಡಿ ಲೇಬಲ್ಲಿನ ಶಾಯಿಯಲ್ಲಿ, ಕೊಲೆಗಾರನಾಗಿ. ಆ ಪುಸ್ತಕದ ಪುಟಪುಟದಲ್ಲೂ ಅವರು ಹಲ್ಲು ಕಡಿಯುತ್ತಾರೆ, ಕತ್ತಿ ಎತ್ತುತ್ತಾರೆ, ಅಟ್ಟಹಾಸ ಮಾಡುತ್ತಾರೆ. ಒಂದೇ ಒಂದು ಚೌಕದಲ್ಲಿ ಮಾತ್ರ ಖಳ ಮಲಗಿ ನಿದ್ದೆ ಮಾಡುತ್ತಿದ್ದಾನೆ. ಅವ್ವ ಅದನ್ನು ಕತ್ತರಿಸಿ, ಕಟ್ಟು ಹಾಕಿಸಿ, ದೇವರ ಜಗಲಿಯ ಮೇಲೆ ಇಟ್ಟಿದ್ದಾಳೆ. ಹನ್ನೆರಡು ವರ್ಷದಿಂದ ಅದಕ್ಕೆ ಹೂವು ಏರಿಸುತ್ತಾಳೆ. ನಮ್ಮ ಮನೆಯಲ್ಲಿ ಅಪ್ಪ ಯಾವಾಗಲೂ ಕಣ್ಣು ಮುಚ್ಚಿಕೊಂಡೇ ಇರುತ್ತಾರೆ.

ಪೂಜ್ಯ ಗುರುಗಳು ನೂರ್ಕಾಲ ಬಾಳಲಿ ಎಂದು ಎಲ್ಲರೂ ಹಾರೈಸಿದ್ದಾರೆ. ನನ್ನ ಹಾರೈಕೆಯಲ್ಲಿ ಸ್ವಾರ್ಥವಿದೆ. ನನ್ನ ತಂದೆಯ ಮುಖವನ್ನು ಗೆರೆಗೆರೆಯಾಗಿ ಬಲ್ಲವರು ಅವರೊಬ್ಬರೇ. ಆ ನೆನಪು ಇರುವವರೆಗೂ ಅವರು ಆರೋಗ್ಯವಾಗಿರಬೇಕು, ಕಣ್ಣು ಚೆನ್ನಾಗಿರಬೇಕು, ಕೈ ನಡುಗಬಾರದು. ಎದುರಿಗೆ ಮನುಷ್ಯನಿಲ್ಲದೆ ಅವರು ಮುಖ ಬರೆಯುವುದಿಲ್ಲ ಎಂದು ನನಗೆ ಗೊತ್ತು. ಅದನ್ನು ಅವ್ವನಿಗೆ ಹೇಳಿದಾಗ ಅವಳು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, "ನಿನ್ನ ಕಣ್ಣ ಅವನವ ಅದಾವ. ಹೋಗಿ ಕುಂದರು" ಎಂದಳು.

ಆದ್ದರಿಂದ ಗುರುಗಳೇ, ಇನ್ನು ನಿಮಗೆ ಶಾಲೆಯಿಲ್ಲ, ಬಿಡುವಿದೆ. ಬರುವ ಸೋಮವಾರ ನಾನೂ ಅವ್ವನೂ ಚಿಕ್ಕೋಡಿಗೆ ಬಂದು ನಿಮ್ಮ ಬಾಗಿಲಿನ ಹೊರಗೆ ನಿಲ್ಲುತ್ತೇವೆ. ಕಾಗದ ಬಿಚ್ಚಿಟ್ಟುಕೊಂಡಿರಿ. ಸುಟ್ಟ ಗುರುತು ಎಲ್ಲಿ ಬರಬೇಕೆಂದು ಅವ್ವ ಹೇಳುತ್ತಾಳೆ. ಅಪ್ಪನ ಕಣ್ಣು ಮಾತ್ರ ತೆರೆದಿರುವಂತೆ ಬರೆಯಿರಿ.